ಸಂಜೆ ಏಳರ ಟ್ರೈನಿಂಗ್‌ಗೆ ಸಂಬಳ ಉಂಟಾ?

ಮಂಗಳೂರು, ಸುರತ್ಕಲ್, ಉಡುಪಿ ಕಡೆಯ ಅಂಗಡಿ, ಶೋರೂಮು, ಹೋಟೆಲ್‌ಗಳ ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ), ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ಫೋನಿನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಜಾಸ್ತಿಯಾಗಿದೆ. "ಬಾಗಿಲು ಹಾಕಿದ ಮೇಲೆ ಎರಡು ಗಂಟೆ ಟ್ರೈನಿಂಗ್ ಇಟ್ಟಿದ್ದೇವೆ ಮಾರಾಯ್ರೆ. ಅದಕ್ಕೂ ಸಂಬಳ ಕೊಡ್ಬೇಕಾ? ಕಲಿಯುವುದು ಅವರೇ ಅಲ್ವಾ?"

ಹೆಚ್ಚಿನ ಸಲ ನನ್ನ ಉತ್ತರ, ಕೊಡಬೇಕು. ಕೊಡಬೇಕಿಲ್ಲದ ಸಂದರ್ಭಗಳೂ ಇವೆ, ಆದರೆ ಮಾಲೀಕರು ಎಣಿಸಿದಷ್ಟು ಇಲ್ಲ.

ನಾನು ತಿರುಗಿ ಕೇಳುವುದು ಒಂದೇ ಮಾತು. ಬಾರದಿದ್ದರೆ ಏನು ಮಾಡುತ್ತೀರಿ? "ಏನೂ ಮಾಡುವುದಿಲ್ಲ, ಆದರೆ ಬರಲೇಬೇಕು" ಎನ್ನುತ್ತಾರೆ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಉಳಿದದ್ದು ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುತ್ತದೆ. "ನಾಳೆ 7ಕ್ಕೆ ಎಲ್ಲರೂ ಕಡ್ಡಾಯ" ಎಂಬ ಮೆಸೇಜು. ಮರುದಿನ ಬಾರದವರ ಹೆಸರಿನ ಪಟ್ಟಿ. ತಿಂಗಳ ಕೊನೆಗೆ ಅವರ ಇನ್ಸೆಂಟಿವ್‌ಗೆ ಕತ್ತರಿ. ಮಾಲೀಕರು ಕರೆದಲ್ಲಿಗೆ, ಕರೆದ ಹೊತ್ತಿಗೆ ಹೋಗಿ ಕೂರಬೇಕು, ಎದ್ದು ಬರುವ ಹಾಗಿಲ್ಲ ಎಂದಾದ ಮೇಲೆ ಅದು ಕೆಲಸವೇ. ಕೈಯಲ್ಲಿ ಬಿಲ್ ಪುಸ್ತಕದ ಬದಲು ನೋಟ್‌ಬುಕ್ ಇದೆ ಅಷ್ಟೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಅಂಗಡಿ, ಕಚೇರಿಗಳಿಗಾಗಿ ಮಾಡಿದ ಒಪ್ಪಂದದಲ್ಲೂ ಇದೇ ಅಳತೆ: ನೌಕರ ಮಾಲೀಕರ ಕೈಕೆಳಗೆ ಇರುವ ಹೊತ್ತೇ ಕೆಲಸದ ಹೊತ್ತು.

ನಮ್ಮ ಕಾನೂನು ಏನು ಹೇಳುತ್ತದೆ? ಕೆಲಸದ ಹೊತ್ತಿನ ಆಚೆಗಿನ ತರಬೇತಿಗೆ ಸಂಬಳ ಇದೆ ಅಥವಾ ಇಲ್ಲ ಎಂದು ನೇರವಾಗಿ ಬರೆದ ಕಲಂ ಇಲ್ಲ. ಗಂಟೆಗಳ ಲೆಕ್ಕ ಮಾತ್ರ ಸ್ಪಷ್ಟವಾಗಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ, ಮೀರಿದ ಹೊತ್ತಿಗೆ ಎರಡು ಪಟ್ಟು ದರ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೂ ಓವರ್‌ಟೈಮ್ ಎಂದರೆ ಎರಡು ಪಟ್ಟೇ. ಹಾಗಾಗಿ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ಆ ಎರಡು ಗಂಟೆ ದಿನದ 9, ವಾರದ 48ರ ಒಳಗೆ ಸೇರುತ್ತದೋ, ಹೊರಗೋ?

ಒಂದು ಮೊಬೈಲ್ ಶೋರೂಮ್ ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ 9.30ರಿಂದ ಸಂಜೆ 6.30, ನಡುವೆ ಒಂದು ಗಂಟೆ ಊಟಕ್ಕೆ. ದಿನಕ್ಕೆ 8 ಗಂಟೆಯಂತೆ ವಾರಕ್ಕೆ 48. ಅಂದರೆ ಪಾತ್ರೆ ಆಗಲೇ ತುಂಬಿದೆ, ಇನ್ನೊಂದು ಲೋಟ ಹಾಕಿದರೂ ಚೆಲ್ಲುತ್ತದೆ. ಸೇಲ್ಸ್ ಹುಡುಗನ ತಿಂಗಳ ಸಂಬಳ 20,800 ರೂಪಾಯಿ ಇದ್ದರೆ 26 ದಿನ, 8 ಗಂಟೆಯಂತೆ ಗಂಟೆಗೆ 100 ರೂಪಾಯಿ. ಓವರ್‌ಟೈಮಿಗೆ 200. ವಾರಕ್ಕೊಂದು ಸಂಜೆ ಎರಡು ಗಂಟೆ ಟ್ರೈನಿಂಗ್ ಇಟ್ಟರೆ ತಿಂಗಳಿಗೆ 8 ಗಂಟೆ, 1,600 ರೂಪಾಯಿ. ಹತ್ತು ಜನ ಇದ್ದರೆ 16,000. ಈ ಅಂಕಿ ಕೇಳಿದ ಕೂಡಲೇ ಫೋನಿನ ಆ ಕಡೆ ಸದ್ದಿರುವುದಿಲ್ಲ.

ದಿನಕ್ಕೆ 7ರಂತೆ ವಾರಕ್ಕೆ 42 ಗಂಟೆಯಷ್ಟೇ ಕೆಲಸ ಇರುವ ಆಫೀಸಿನಲ್ಲಿ ಕಥೆ ಬೇರೆ. ಎರಡು ಗಂಟೆ ಸೇರಿಸಿದರೂ ಆ ದಿನಕ್ಕೆ 9, ವಾರಕ್ಕೆ 44. ಎರಡು ಪಟ್ಟಿನ ಪ್ರಶ್ನೆ ಬರುವುದಿಲ್ಲ. ಆದರೂ ನೇಮಕಾತಿ ಪತ್ರದಲ್ಲಿ 42 ಎಂದು ಬರೆದು 44 ದುಡಿಸಿದರೆ, ಆ ಎರಡಕ್ಕೆ ಮಾಮೂಲಿ ದರವನ್ನಾದರೂ ಕೊಡಬೇಕು, ಇಲ್ಲವೇ ಇನ್ನೊಂದು ದಿನ ಬೇಗ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಆಡಳಿತ ನಡೆಸುವ ಹುದ್ದೆಯವರಿಗೆ ಅಂಗಡಿ ಕಾಯ್ದೆಯ ಗಂಟೆ ಲೆಕ್ಕ ಅನ್ವಯಿಸುವುದಿಲ್ಲ, ನಿಜ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ "ಸೇಲ್ಸ್ ಮ್ಯಾನೇಜರ್" ಎಂದು ಹಾಕಿಸಿದ ಮಾತ್ರಕ್ಕೆ ಕೌಂಟರಿನಲ್ಲಿ ನಿಲ್ಲುವ ಹುಡುಗ ಮ್ಯಾನೇಜರ್ ಆಗುವುದಿಲ್ಲ.

ಇದಕ್ಕೆ ಕೆಲವರು ಒಂದು ಉಪಾಯ ಹುಡುಕಿದ್ದಾರೆ. "ನಾನು ಸ್ವಂತ ಇಚ್ಛೆಯಿಂದ ತರಬೇತಿಗೆ ಬಂದಿದ್ದೇನೆ" ಎಂದು ಮೊದಲೇ ಟೈಪ್ ಮಾಡಿಟ್ಟ ಹಾಳೆಗೆ ಎಲ್ಲರ ಸಹಿ ಹಾಕಿಸುವುದು. ಅಂಥ ಹಾಳೆ ನಾನು ಮಾಡಿಕೊಡುವುದಿಲ್ಲ. ಕಾರಣ ಬರೀ ಓವರ್‌ಟೈಮ್ ಅಲ್ಲ, ರಸ್ತೆ.

ಟ್ರೈನಿಂಗ್ ಮುಗಿಯುವಾಗ ರಾತ್ರಿ 9. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಓಡಿದರೆ ಮೂಡಬಿದ್ರೆ, ಮೂಲ್ಕಿ ಕಡೆಗೆ ಹೇಗೋ ಬಸ್ ಸಿಕ್ಕೀತು. ಅಲ್ಲಿಂದ ಒಳಗಿನ ಊರಿಗೆ? ಹಾಗಾಗಿ ಹುಡುಗರು ಬೈಕಿನಲ್ಲೇ ಬರುತ್ತಾರೆ. ಮಳೆಗಾಲದ ರಾತ್ರಿ, ರಾಷ್ಟ್ರೀಯ ಹೆದ್ದಾರಿ 66, ಕೂಳೂರು ಸೇತುವೆಯ ಹತ್ತಿರ ಬೈಕ್ ಜಾರಿತು ಎಂದು ಇಟ್ಟುಕೊಳ್ಳಿ. ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದ ಅಪಘಾತ ಎಂದೇ ಎಣಿಸುವ ಕಲಂ 2010ರಲ್ಲಿ ಇಎಸ್‌ಐ ಕಾಯ್ದೆಗೆ ಸೇರಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ. ಆದರೆ ಅಪಘಾತದ ಹೊತ್ತು, ಜಾಗ, ಸಂದರ್ಭಕ್ಕೂ ಕೆಲಸಕ್ಕೂ ನಂಟು ಇರಬೇಕು. ಹಾಜರಿ ಪುಸ್ತಕದಲ್ಲಿ ಆತ 6.30ಕ್ಕೆ ಹೊರಟಿದ್ದಾನೆ. ಅಪಘಾತ ಆದದ್ದು 9.20ಕ್ಕೆ. ನಡುವಿನ ಹೊತ್ತಿಗೆ ಇರುವ ಒಂದೇ ದಾಖಲೆ "ಸ್ವಂತ ಇಚ್ಛೆಯಿಂದ" ಎಂಬ ಆ ಹಾಳೆ. 1,600 ರೂಪಾಯಿ ಉಳಿಸಲು ಮಾಡಿದ ಕಾಗದ ಒಬ್ಬನ ಅಂಗವೈಕಲ್ಯದ ಪಿಂಚಣಿಗೆ ಅಡ್ಡ ಬಂದು ನಿಲ್ಲಬಹುದು. ಇದನ್ನು ಬಿಡಿಸಿ ಹೇಳಿದ ಮೇಲೆ ಹೆಚ್ಚಿನ ಮಾಲೀಕರು ಹಾಳೆಯ ಮಾತು ಎತ್ತುವುದಿಲ್ಲ. ಕೆಟ್ಟವರಲ್ಲ, ಆ ಕಡೆ ಯೋಚಿಸಿರುವುದಿಲ್ಲ ಅಷ್ಟೇ.

ಹಾಗಾದರೆ ಸಂಬಳ ಬೇಡದ ಟ್ರೈನಿಂಗ್ ಯಾವುದು? ಇದಕ್ಕೆ ಅಮೆರಿಕದವರ ಅಳತೆ ನನಗೆ ಉಪಯೋಗಕ್ಕೆ ಬಂದಿದೆ. ಅಲ್ಲಿನ 1938ರ ವೇತನ ಕಾಯ್ದೆಯ ನಿಯಮಗಳಲ್ಲಿ ನಾಲ್ಕು ಷರತ್ತು ಇವೆ. ತರಬೇತಿ ಕೆಲಸದ ಹೊತ್ತಿನ ಹೊರಗೆ ಇರಬೇಕು. ಬರುವುದು ಬಿಡುವುದು ನಿಜವಾಗಿಯೂ ನೌಕರರ ಇಷ್ಟ ಆಗಿರಬೇಕು. ಈಗ ಮಾಡುತ್ತಿರುವ ಕೆಲಸಕ್ಕೆ ಅದು ನೇರವಾಗಿ ಸಂಬಂಧಿಸಿರಬಾರದು. ಆ ಹೊತ್ತಿನಲ್ಲಿ ಅವರಿಂದ ಬೇರೆ ಕೆಲಸ ಮಾಡಿಸಿರಬಾರದು. ನಾಲ್ಕೂ ಇದ್ದರೆ ಮಾತ್ರ ಸಂಬಳ ಬೇಡ. ಒಂದು ತಪ್ಪಿದರೂ ಅದು ಕೆಲಸದ ಹೊತ್ತು. ಇದು ನಮ್ಮ ಕಾನೂನಲ್ಲ, ಇಲ್ಲಿ ಯಾರ ಮೇಲೂ ಹೇರಲು ಬರುವುದಿಲ್ಲ. ಆದರೆ ಈ ನಾಲ್ಕನ್ನು ಕೇಳಿ ನೋಡಿದರೆ ಗೊಂದಲ ಬಹಳ ಮಟ್ಟಿಗೆ ಕಳೆಯುತ್ತದೆ.

ಯುರೋಪಿನಲ್ಲಿ ಇನ್ನೂ ಬಿಗಿ. ಕಾನೂನಿನ ಪ್ರಕಾರ ಮಾಲೀಕರು ಕೊಡಲೇಬೇಕಾದ ತರಬೇತಿಗೆ ನೌಕರರಿಂದ ದುಡ್ಡು ತೆಗೆದುಕೊಳ್ಳಬಾರದು, ಅದನ್ನು ಕೆಲಸದ ಹೊತ್ತು ಎಂದೇ ಎಣಿಸಬೇಕು ಎಂದು ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಹೇಳುತ್ತದೆ. 2021ರಲ್ಲಿ ಆ ಒಕ್ಕೂಟದ ನ್ಯಾಯಾಲಯದ ಮುಂದೆ ರೊಮೇನಿಯಾದ ಒಂದು ಸ್ಥಳೀಯ ಆಡಳಿತದ ತುರ್ತು ಸೇವೆ ನೌಕರನ ಪ್ರಕರಣ ಬಂತು. ಅವನನ್ನು 160 ಗಂಟೆಯ ತರಬೇತಿಗೆ ಕಳಿಸಿದ್ದರು. ಅದರಲ್ಲಿ 124 ಗಂಟೆ ಅವನ ಮಾಮೂಲಿ ಕೆಲಸದ ಹೊತ್ತಿನ ಹೊರಗೆ. ಜಾಗ ಬೇರೆಯಾದರೂ, ದಿನನಿತ್ಯದ ಕೆಲಸ ಮಾಡದಿದ್ದರೂ ಅದು ಕೆಲಸದ ಸಮಯವೇ ಎಂದು ನ್ಯಾಯಾಲಯ ಹೇಳಿತು.

ಈಗ ನಮ್ಮೂರಿಗೆ ಬರೋಣ. ಅಕೌಂಟ್ಸ್ ನೋಡುವ ಹುಡುಗಿ ಸಂಜೆ ಹಂಪನಕಟ್ಟೆಯಲ್ಲಿ ತನ್ನ ದುಡ್ಡು ಕೊಟ್ಟು ಟ್ಯಾಲಿ ಕ್ಲಾಸಿಗೆ ಹೋಗುತ್ತಾಳೆ. ಅದು ಅವಳ ಕಲಿಕೆ, ಮಾಲೀಕರದ್ದು ಏನೂ ಇಲ್ಲ. ಅದೇ ಮಾಲೀಕರು "ಹೊಸ ಸಾಫ್ಟ್‌ವೇರ್ ಹಾಕಿದ್ದೇವೆ, ಭಾನುವಾರ ಬಂದು ಕಲಿತುಕೊಳ್ಳಮ್ಮ" ಎಂದರೆ ಅದು ಕೆಲಸ, ಅದೂ ವಾರದ ರಜೆ ತಿಂದ ಕೆಲಸ. ಉಡುಪಿಯ ಹೋಟೆಲಿನವರು ಅಡುಗೆಮನೆಯ ಒಬ್ಬರನ್ನು ಆಹಾರ ಸುರಕ್ಷತೆಯ ತರಬೇತಿಗೆ ಕಳಿಸುತ್ತಾರೆ. ಆಹಾರ ಮುಟ್ಟುವ ಪ್ರತಿ 25 ಜನರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುವುದರಿಂದ. ಸರ್ಟಿಫಿಕೇಟಿನಲ್ಲಿ ಹೆಸರು ಭಟ್ಟರದ್ದು, ಅಗತ್ಯ ಹೋಟೆಲಿನದ್ದು. ಆ ದಿನದ ಸಂಬಳ ಹಿಡಿಯುವುದಕ್ಕೆ ಅರ್ಥವೇ ಇಲ್ಲ.

"ಕಲಿಸಿದ ಮೇಲೆ ಬಿಟ್ಟು ಹೋದರೆ?" ಎಂದು ಕೇಳುತ್ತಾರೆ. ನ್ಯಾಯವಾದ ಭಯವೇ. ಗಲ್ಫಿಗೋ ಬೆಂಗಳೂರಿಗೋ ಹೊರಡುವವರು ನಮ್ಮಲ್ಲಿ ಕಡಿಮೆಯೇ? ಅದಕ್ಕೆ ಬಾಂಡ್ ಇದೆ. 1931ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ಕೊಡಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇಯಲ್ಲಿ ಎತ್ತಿಹಿಡಿಯಿತು. ಬ್ಯಾಂಕು ಆ ಹೊತ್ತಿಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು, ಆ ಮಾತು ಬೇರೆ. ಸರ್ಕಾರಿ ಬ್ಯಾಂಕಿಗೆ ಒಬ್ಬ ಅಧಿಕಾರಿಯನ್ನು ಆರಿಸಲು ತಗಲುವ ಖರ್ಚು, ಸಮಯವನ್ನು ಕೋರ್ಟ್ ಅಲ್ಲಿ ಲೆಕ್ಕಕ್ಕೆ ಹಿಡಿದಿದೆ. ಹಾಗಂತ ಎರಡು ಸಂಜೆಯ ಪ್ರಾಡಕ್ಟ್ ಟ್ರೈನಿಂಗಿಗೆ 50 ಸಾವಿರದ ಬಾಂಡ್ ಬರೆಸಿಕೊಂಡರೆ ಅದು ನಿಲ್ಲುತ್ತದೆ ಎಂದು ನಾನು ನಂಬುವುದಿಲ್ಲ. ಅಲ್ಲದೆ ಬಾಂಡಿನಲ್ಲಿ "ನಿಮ್ಮ ತರಬೇತಿಗೆ ಸಂಸ್ಥೆ ಖರ್ಚು ಮಾಡಿದೆ" ಎಂದು ಬರೆದು, ಸಂಬಳದ ಹೊತ್ತಿಗೆ "ಅದು ನಿಮ್ಮ ಸ್ವಂತ ಕಲಿಕೆ" ಎನ್ನಲು ಆಗುತ್ತದೆಯೇ? ಎರಡರಲ್ಲಿ ಒಂದನ್ನು ಬಿಡಬೇಕು.

ನಾನು ಸಾಮಾನ್ಯವಾಗಿ ಕೊಡುವ ಸಲಹೆ, ಟ್ರೈನಿಂಗನ್ನು ಹಗಲಿಗೆ ತನ್ನಿ. ಯಾವ ಶೋರೂಮಿನಲ್ಲೂ ವಾರವಿಡೀ ಗಿರಾಕಿ ತುಂಬಿರುವುದಿಲ್ಲ. ಮಂಗಳವಾರ ಬೆಳಿಗ್ಗೆಯ ಮೊದಲ ಗಂಟೆ ನೊಣ ಹೊಡೆಯುವ ಹೊತ್ತು. ಅರ್ಧ ಜನರನ್ನು ಒಂದು ವಾರ, ಉಳಿದರ್ಧವನ್ನು ಮುಂದಿನ ವಾರ ಕೂರಿಸಿದರೆ ಆ 16,000 ಹಾಗೇ ಉಳಿಯುತ್ತದೆ. ದಿನವಿಡೀ ನಿಂತು ದಣಿದವರಿಗೆ ರಾತ್ರಿ 8ಕ್ಕೆ ಹೇಳಿದ್ದು ತಲೆಗೆ ಹೋಗುವುದೂ ಅಷ್ಟರಲ್ಲೇ ಇದೆ. ಕಂಪನಿಯ ಟ್ರೈನರ್ ಬೆಂಗಳೂರಿನಿಂದ ಬರುವುದೇ ಸಂಜೆಗೆ ಎಂದಾದರೆ ಆ ದಿನ ಹುಡುಗರನ್ನು ಮಧ್ಯಾಹ್ನದ ಮೇಲೆ ಕರೆಸಿ. ಅದೂ ಆಗದಿದ್ದರೆ ಓವರ್‌ಟೈಮ್ ಕಾಲಂನಲ್ಲಿ ಬರೆದು ಕೊಟ್ಟುಬಿಡಿ, ಮನೆಗೆ ಮುಟ್ಟಿಸಲು ಒಂದು ಗಾಡಿಯನ್ನೂ ಮಾಡಿ.

ಫೋನಿನ ಟ್ರೈನಿಂಗ್ ಆ್ಯಪ್‌ಗಳದ್ದು ಬೇರೆಯೇ ತಲೆನೋವು. ಊಟ ಮುಗಿಸಿ ಮಲಗುವ ಹೊತ್ತಿಗೆ ಇಪ್ಪತ್ತು ನಿಮಿಷದ ವಿಡಿಯೋ, ಆಮೇಲೆ ಹತ್ತು ಪ್ರಶ್ನೆ, ಪಾಸಾಗದಿದ್ದರೆ ಮತ್ತೆ ಮೊದಲಿನಿಂದ. ಮನೆಯಲ್ಲೇ ಕೂತು ನೋಡುತ್ತಾರೆ, ಸುಮ್ನೆ ರೀಲ್ಸ್ ನೋಡುವ ಬದಲು ಎನ್ನುವವರಿದ್ದಾರೆ. ಅವರು ಮರೆಯುವುದು, ಯಾರು ಯಾವ ತಾರೀಕು ಎಷ್ಟು ಗಂಟೆಗೆ ಒಳಗೆ ಬಂದರು ಎಂಬುದು ಅಂಥ ಆ್ಯಪ್‌ಗಳಲ್ಲಿ ದಾಖಲಾಗುತ್ತದೆ ಎಂಬುದನ್ನು. ಆ ರಿಪೋರ್ಟನ್ನು ಒಮ್ಮೆ ತೆಗೆಸಿ ನೋಡಿ. ರಾತ್ರಿ 11ರ ಲಾಗಿನ್‌ಗಳು ಕಂಡರೆ, ಅಂಗಡಿ ತೆರೆದಿರುವಾಗ ಮಾತ್ರ ಆ್ಯಪ್ ತೆರೆಯುವ ಹಾಗೆ ಮಾಡಿಕೊಡಲು ಕಂಪನಿಯವರಿಗೆ ಹೇಳಿ. ಅದಾಗದಿದ್ದರೆ ಅಂಗಡಿಯದೇ ಒಂದು ಟ್ಯಾಬ್ ಇಟ್ಟು, ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಸರದಿಯಲ್ಲಿ ಮುಗಿಸಲು ಬಿಡಿ.