ರಾಗಮಾಲಾ ಬೇರೆ, ರಾಗಮಾಲಿಕೆ ಬೇರೆ

ಹೋದ ವಾರ ಮಲ್ಲೇಶ್ವರದ ಒಂದು ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಕೆಳಗೆ ‘ರಾಗಮಾಲಿಕೆ ಶೈಲಿ’ ಎಂಬ ಚೀಟಿ. ಪಕ್ಕದಲ್ಲಿದ್ದ ನಾದಸ್ವರದವರ ಚಿತ್ರಕ್ಕೂ ಅದೇ ಚೀಟಿ! ಈ ತಪ್ಪನ್ನು ನೋಡಿ ನೋಡಿ ಸಾಕಾಗಿದೆ.

ರಾಗಮಾಲಿಕೆ ಕೇಳುವಂಥದ್ದು. ರಚನೆ ಒಂದೇ, ರಾಗ ಹಲವು. ಮುತ್ತುಸ್ವಾಮಿ ದೀಕ್ಷಿತರ ‘ಶ್ರೀ ವಿಶ್ವನಾಥಂ’ನಲ್ಲಿ 14 ರಾಗಗಳಿವೆ. ರಾಮನವಮಿ ಕಛೇರಿಗಳಿಗೆ ತಪ್ಪದೆ ಹೋಗುವ ಊರಿಗೆ ಇಷ್ಟು ಸಾಕು. ರಾಗಮಾಲಾ ನೋಡುವಂಥದ್ದು. ಒಂದೊಂದು ರಾಗಕ್ಕೆ ಒಂದೊಂದು ಚಿತ್ರ ಬರೆದು ಸೇರಿಸಿದ ಕಟ್ಟು. ಆರು ರಾಗ, ಪ್ರತಿ ರಾಗಕ್ಕೆ ಐದು ರಾಗಿಣಿಯರು (ಅಂದರೆ ರಾಗದ ಹೆಂಡತಿಯರು), ಒಟ್ಟು 36 ಹಾಳೆ ಇರುವುದು ಜಾಸ್ತಿ. ಬಿಡಿ ಹಾಳೆಯನ್ನೇ ರಾಗಮಾಲಾ ಅನ್ನುವುದೂ ಸರಿಯಲ್ಲ. ಗಾಂಧಿ ಬಜಾರಿನಲ್ಲಿ ಬಿಡಿ ಹೂವನ್ನು ಯಾರಾದರೂ ಮಾಲೆ ಅಂತ ಕೊಡುತ್ತಾರಾ?

ಮಾಲೆ, ಮಾಲಿಕೆ ಎರಡರ ಅರ್ಥವೂ ಒಂದೇ. ಗೊಂದಲ ಅಲ್ಲೇ ಶುರು. ಆದರೆ ನನಗೆ ಇಷ್ಟವಾಗುವುದು ಮೊದಲರ್ಧ. ‘ರಾಗ’ದ ಮೂಲ ‘ರಂಜ್’ ಎಂಬ ಧಾತು. ಬಣ್ಣ ಹಚ್ಚು, ಕೆಂಪಾಗು ಅಂತ ಅರ್ಥ. ರಕ್ತ ಬಂದದ್ದು ಇದೇ ಮೂಲದಿಂದ. ಕೆಂಪು ಹರಳು ಪದ್ಮರಾಗ, ಮೈಗೆ ಬಳಿಯುವ ಲೇಪ ಅಂಗರಾಗ. ಮನಸ್ಸಿಗೆ ಬಣ್ಣ ಹತ್ತಿದರೆ ಅನುರಾಗ, ಬಣ್ಣ ಬಿಟ್ಟುಹೋದರೆ ವೈರಾಗ್ಯ. ಕೇಳುವವರ ಮನಸ್ಸನ್ನು ರಂಜಿಸುವುದೇ ರಾಗ ಎಂದು ಹಳೆಯ ಸಂಗೀತಶಾಸ್ತ್ರಕಾರ ಮತಂಗ ತನ್ನ ‘ಬೃಹದ್ದೇಶಿ’ ಗ್ರಂಥದಲ್ಲಿ ಹೇಳಿದ. ಅಂದಮೇಲೆ ರಾಗವನ್ನು ಬಣ್ಣದಲ್ಲಿ ಬರೆದರೆ ಆ ಪದ ತನ್ನ ಮನೆಗೇ ಬಂದ ಹಾಗೆ.

ರಾಗಮಾಲಾ ಚಿತ್ರ ರಾಜಸ್ಥಾನದ ಸಂಗತಿ, ನಮಗೇನು ಅನ್ನುವವರಿದ್ದಾರೆ. 1576ರಲ್ಲಿ ‘ರಾಗಮಾಲಾ’ ಎಂಬ ಹೆಸರಿನಲ್ಲೇ ಸಂಗೀತ ಗ್ರಂಥ ಬರೆದ ಪುಂಡರೀಕ ವಿಠ್ಠಲ ನಮ್ಮವರು. ಬೆಂಗಳೂರಿಂದ ತುಮಕೂರು ರಸ್ತೆಯಲ್ಲಿ ಹೋದರೆ ಸಿಗುವ ಶಿವಗಂಗೆ ಬೆಟ್ಟದ ಹತ್ತಿರ, ಸಾತನೂರು ಅವರ ಊರು. ಉತ್ತರದ ಆಸ್ಥಾನಗಳಿಗೆ ಹೋದ ಈ ಕನ್ನಡಿಗ ರಾಗಗಳನ್ನು ಗಂಡ, ಹೆಂಡತಿ, ಮಕ್ಕಳು ಅಂತ ಸಂಸಾರ ಮಾಡಿ ಜೋಡಿಸಿದರು.

ಇನ್ನೊಂದು ಮಾತು. ವಾದ್ಯ ಕಂಡ ಕೂಡಲೇ ರಾಗಮಾಲಾ ಅನ್ನಬೇಡಿ. ಚಿತ್ರಕಾರ ಸಂಗೀತ ಕೇಳುತ್ತಾ ತೋಚಿದ ಬಣ್ಣ ಬಳಿಯುತ್ತಿರಲಿಲ್ಲ. ರಾಗಕ್ಕೊಂದು ಧ್ಯಾನಶ್ಲೋಕವಿತ್ತು. ಆ ರಾಗ ಮನುಷ್ಯರೂಪದಲ್ಲಿ ಹೇಗಿದೆ, ಎಲ್ಲಿದೆ, ಏನು ಮಾಡುತ್ತಿದೆ ಅಂತ ಶ್ಲೋಕ ಹೇಳುತ್ತಿತ್ತು. ಎಷ್ಟೋ ಹಾಳೆಗಳ ನೆತ್ತಿಯ ಮೇಲೆ ಪದ್ಯ ಈಗಲೂ ಇದೆ. ಹಿಂದೋಳಕ್ಕೆ ಉಯ್ಯಾಲೆ. ಅಸಾವರಿಯ ಸುತ್ತ ಹಾವುಗಳು. ಲಲಿತಕ್ಕೆ, ನಿದ್ದೆಯಲ್ಲಿರುವ ನಲ್ಲೆಯನ್ನು ಬಿಟ್ಟು ಬೆಳಗಿನ ಜಾವ ಹೊರಟ ನಲ್ಲ. ಅಲ್ಲಿ ವಾದ್ಯ ಎಲ್ಲಿದೆ?

ಮಲ್ಲೇಶ್ವರದ ಚಿತ್ರದಲ್ಲಿದ್ದವಳು ತೋಡಿ ರಾಗಿಣಿ. ವೀಣೆ, ಜಿಂಕೆ ಅವಳ ಗುರುತು. ‘ಓ, ನಮ್ಮ ತೋಡಿ’ ಎಂದು ನನ್ನ ಪಕ್ಕದಲ್ಲಿದ್ದವರು ಖುಷಿಪಟ್ಟರು. ಅಲ್ಲೂ ಸ್ವಲ್ಪ ತಡೆಯಬೇಕು. ನಮ್ಮ ಕಛೇರಿಯ ತೋಡಿಯ ಸ್ವರಗಳನ್ನು ಕೇಳಿದರೆ ಇವತ್ತಿನ ಹಿಂದೂಸ್ತಾನಿಯವರು ಭೈರವಿ ಅನ್ನುತ್ತಾರೆ. ಭೈರವಿಯ ಹಾಳೆಯಲ್ಲಿ ಜಿಂಕೆ ಇಲ್ಲ. ಶಿವಲಿಂಗದ ಮುಂದೆ ಪೂಜೆಗೆ ಕೂತ ಹೆಣ್ಣಿದ್ದಾಳೆ.