ಸ್ಟ್ರೋಕ್ ಮತ್ತು ಜೀನ್: ಫ್ಯಾಮಿಲಿ ಹಿಸ್ಟರಿ ಸರಿಯಾಗಿ ಕೇಳೋದು ಹೆಂಗೆ

ಸ್ಟ್ರೋಕ್ ಪಾಠದಲ್ಲಿ ಬಿಪಿ, ಶುಗರ್, ಸಿಗರೇಟು ಎಲ್ಲ ಬಾಯಿಪಾಠ ಆಗಿರತ್ತೆ, ಜೀನ್ ವಿಷಯ ಬಂದ ತಕ್ಷಣ ಪುಟ ತಿರುಗಿಸಿಬಿಡ್ತೀವಿ. ಅದನ್ನ ಬಿಡಬೇಡಿ ಅಂತಾನೇ ಈ ಟಿಪ್ಪಣಿ ಬರೀತಿದೀನಿ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಬಹುಪಾಲು ಸ್ಟ್ರೋಕ್‌ಗಳಲ್ಲಿ ಇದೇ ಜೀನ್ ಕಾರಣ ಅಂತ ಬೆರಳು ತೋರಿಸೋಕಾಗಲ್ಲ, ತುಂಬಾ ಜೀನ್‌ಗಳು ಸೇರಿ ಒಂದೊಂದೂ ಚೂರು ಚೂರು ರಿಸ್ಕ್ ಜಾಸ್ತಿ ಮಾಡತ್ವೆ. 2022ರ ದೊಡ್ಡ ಅಧ್ಯಯನದಲ್ಲಿ ಡಿಎನ್‌ಎಯಲ್ಲಿ ಅಂಥ 89 ಜಾಗಗಳು ಸಿಕ್ಕಿವೆ. ನನಗೆ ಇದ್ರಲ್ಲಿ ತುಂಬಾ ಹಿಡಿಸಿದ್ದು ಪಿಐಟಿಎಕ್ಸ್2 ಅನ್ನೋ ಜೀನ್, ಅದರ ಕೆಲಸ ಮೆದುಳಲ್ಲಿ ಅಲ್ಲ ಹಾರ್ಟಲ್ಲಿ. ಅದರ ಹತ್ತಿರದ ವ್ಯತ್ಯಾಸ ಇದ್ದೋರಿಗೆ ಹೃದಯದ ಲಯ ತಪ್ಪೋ ಸಾಧ್ಯತೆ ಜಾಸ್ತಿ, ಲಯ ತಪ್ಪಿದ್ರೆ ಅಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಆ ಹೆಪ್ಪು ಮೇಲೆ ಹೋಗಿ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ.

ಈಗ ಒಂದೇ ಜೀನ್‌ನಿಂದ ಬರೋದು. ಹಿಂಗೊಂದು ಕೇಸ್ ಅಂದ್ಕೊಳ್ಳಿ. 46 ವಯಸ್ಸಿನ ಹೆಂಗಸು, ಬಿಪಿ ಇಲ್ಲ, ಶುಗರ್ ಇಲ್ಲ, ಎಡಗೈ ಸೋತಿದೆ. "ಮನೇಲಿ ಯಾರಿಗಾದ್ರೂ ಲಕ್ವ ಹೊಡೆದಿತ್ತಾ ಅಮ್ಮಾ?" "ಇಲ್ಲ ಡಾಕ್ಟ್ರೇ, ಅಪ್ಪಂಗೆ ಮಾತ್ರ ಕೊನೇಲಿ ಅರಳುಮರಳು ಆಗಿತ್ತು." ಕೇಸ್ ಶೀಟಲ್ಲಿ ಏನೂ ಇಲ್ಲ ಅಂತ ಬರೆದು ಮುಂದಕ್ಕೆ ಹೋಗ್ತೀವಿ. ಆದ್ರೆ ಅಪ್ಪನಿಗೆ ಆಗ ಎಷ್ಟು ವಯಸ್ಸು ಅಂತ ಕೇಳಿ ನೋಡಿ, 54. ಅರವತ್ತಕ್ಕೆ ಅರಳುಮರಳು ಅಂತ ಗಾದೆ ಇರೋದ್ರಿಂದ ಮನೆಯವ್ರು ಅದನ್ನ ಕಾಯಿಲೆ ಅಂತ ಲೆಕ್ಕಕ್ಕೇ ತಗೊಂಡಿರಲ್ಲ! ಜೊತೆಗೆ ಅರೆತಲೆನೋವು ಬರ್ತಿತ್ತಾ, ಅದಕ್ಕೆ ಮುಂಚೆ ಕಣ್ಮುಂದೆ ಮಿಂಚು ಬಂದ ಹಾಗೆ ಆಗ್ತಿತ್ತಾ ಅಂತಾನೂ ಕೇಳಿ. 30ರ ಆಸುಪಾಸಲ್ಲಿ ಅಂಥ ಮೈಗ್ರೇನ್, 40-50ರಲ್ಲಿ ಸಣ್ಣ ಸಣ್ಣ ಸ್ಟ್ರೋಕ್, ಆಮೇಲೆ ಮರೆವು, ಇದು ಕ್ಯಾಡಸಿಲ್, ಮೆದುಳಿನ ಸಣ್ಣ ರಕ್ತನಾಳ ಹಾಳಾಗೋ ವಂಶಪಾರಂಪರ್ಯ ಕಾಯಿಲೆ.

ಇದರ ಜೀನ್ ನಾಚ್3, 19ನೇ ಕ್ರೋಮೋಸೋಮಲ್ಲಿದೆ, ಫ್ರಾನ್ಸಿನ ತಂಡ 1996ರಲ್ಲಿ ಗುರುತಿಸಿದ್ದು. ಈ ಜೀನ್ ಮಾಡೋ ಪ್ರೋಟೀನಲ್ಲಿ ಒಂದರ ಹಿಂದೆ ಒಂದು 34 ತುಂಡುಗಳಿವೆ, ಒಂದೊಂದರಲ್ಲೂ 6 ಸಿಸ್ಟೀನ್ (ಒಂದು ಬಗೆಯ ಅಮೈನೋ ಆಮ್ಲ), ಅವು ಎರಡೆರಡು ಕೈ ಹಿಡ್ಕೊಂಡು 3 ಜೋಡಿ ಆಗತ್ವೆ. ಮ್ಯುಟೇಶನ್ (ಜೀನಲ್ಲಿ ಬದಲಾವಣೆ) ಆಗಿ 5 ಅಥವಾ 7 ಆದ್ರೆ ಒಂದಕ್ಕೆ ಜೋಡಿ ಸಿಗಲ್ಲ, ಪ್ರೋಟೀನ್ ಸರಿಯಾಗಿ ಮಡಚ್ಕೊಳ್ಳದೆ ಸಣ್ಣ ರಕ್ತನಾಳದ ಗೋಡೆಯಲ್ಲಿ ಗುಂಪುಗೂಡತ್ತೆ, ಗೋಡೆ ದಪ್ಪ ಆಗತ್ತೆ, ಅಲ್ಲಿನ ಸ್ನಾಯುಕೋಶ ಸಾಯತ್ವೆ. ಈ ಸಿಸ್ಟೀನ್ ಲೆಕ್ಕ ಅರ್ಥ ಆದ್ರೆ ಉಳಿದಿದ್ದು ತಾನಾಗೇ ನೆನಪಿರತ್ತೆ. ಎಂಆರ್‌ಐನಲ್ಲಿ ಟೆಂಪೊರಲ್ ಲೋಬಿನ (ಕಿವಿ ಪಕ್ಕದ ಮೆದುಳಿನ ಭಾಗದ) ಮುಂದಿನ ತುದಿ ಬೆಳ್ಳಗೆ ಕಂಡ್ರೆ ಅನುಮಾನ ಪಡಿ, ಬರೀ ಬಿಪಿಯಿಂದ ಆಗೋ ಹಾನೀಲಿ ಆ ತುದಿ ಸಾಮಾನ್ಯವಾಗಿ ಉಳ್ಕೊಳ್ಳತ್ತೆ. ಇಂಥ ಮ್ಯುಟೇಶನ್ ಸಾವಿರಕ್ಕೆ ಸುಮಾರು 3 ಜನರಲ್ಲಿ ಸಿಗತ್ತೆ, ಆದ್ರೆ ಎಲ್ರಿಗೂ ಕಾಯಿಲೆ ಜೋರಾಗಲ್ಲ. ಮೊದಲ 6 ತುಂಡಲ್ಲಿ ಆದ್ರೆ ಬೇಗ ಕಾಡತ್ತೆ, 7ರಿಂದ ಮುಂದೆ ಆದ್ರೆ ಸ್ವಲ್ಪ ಸೌಮ್ಯ.

ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೂ ಪ್ರತಿ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆಯನ್ನೇ ನಿಲ್ಲಿಸೋ ಮಾತ್ರೆ ಇಲ್ಲ, ಬಿಪಿ ಹಿಡಿತದಲ್ಲಿಡೋದು, ಸಿಗರೇಟು ಪೂರ್ತಿ ಬಿಡೋದು ಇಷ್ಟೇ ಕೈಲಿರೋದು. ಅದಕ್ಕೇ ಲಕ್ಷಣ ಇಲ್ಲದ ಚಿಕ್ಕ ಮಕ್ಕಳಿಗೆ ಟೆಸ್ಟ್ ಮಾಡಲ್ಲ, ದೊಡ್ಡೋರಾದ್ಮೇಲೆ ಕೌನ್ಸೆಲಿಂಗ್ ತಗೊಂಡು ಅವ್ರೇ ತೀರ್ಮಾನ ಮಾಡ್ಬೇಕು.

ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗೋ ಸಿಕಲ್ ಸೆಲ್‌ ಕಾಯಿಲೇಲಿ ಇದೇ ಲೆಕ್ಕ ತಿರುಗತ್ತೆ. ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಬುಡಕಟ್ಟು ಜನರಲ್ಲೂ ಇರೋ ಕಾಯಿಲೆ ಇದು, ಅಪ್ಪ ಅಮ್ಮ ಇಬ್ಬರಿಂದಲೂ ಜೀನ್ ಬಂದ್ರೆ ಮಗುವಿಗೇ ಸ್ಟ್ರೋಕ್ ಆಗ್ಬಹುದು. ಇಲ್ಲಿ ಕಾಯೋ ಹಾಗೇ ಇಲ್ಲ. 2 ವರ್ಷದಿಂದ ವರ್ಷಕ್ಕೊಂದ್ಸಲ ಕಿವಿಯ ಮುಂದೆ, ಕಣತಲೆ ಹತ್ರ ಪ್ರೋಬ್ ಇಟ್ಟು ಡಾಪ್ಲರ್ (ಮೆದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯತ್ತೆ ಅಂತ ಅಳೆಯೋ ಸ್ಕ್ಯಾನ್) ನೋಡ್ತಾರೆ, ಸೂಜಿ ಇಲ್ಲ ನೋವಿಲ್ಲ, ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿದ್ರೆ ರಕ್ತ ಕೊಡೋದು ಶುರು ಮಾಡ್ತಾರೆ, ಹಾಗೆ ಕೊಟ್ರೆ ಮೊದಲ ಸ್ಟ್ರೋಕ್ ತುಂಬಾ ಮಟ್ಟಿಗೆ ತಪ್ಪತ್ತೆ ಅಂತ 1998ರಲ್ಲೇ ಸಾಬೀತಾಗಿದೆ.