ಭುಜದ ಎಕ್ಸ್‌ರೇಗೆ ಓರೆಯಾಗಿ ನಿಲ್ಲುವುದೇಕೆ?

ಕರಿಮೆಣಸಿನ ಕೊಯ್ಲು ಮುಗಿಯುತ್ತಿದ್ದಂತೆ ಭುಜನೋವಿನವರು ನನ್ನ ಬಳಿ ಬರತೊಡಗುತ್ತಾರೆ. ಹಲವರ ಚೀಲದಲ್ಲಿ ಮೊದಲೇ ತೆಗೆಸಿದ ಎಕ್ಸ್‌ರೇ ಇರುತ್ತದೆ. ಇನ್ನೊಂದು ಬೇಕೆಂದರೆ ಬೇಸರಪಡುತ್ತಾರೆ. ಸಿಲ್ವರ್ ಓಕ್ ಮರಗಳಿಗೆ ಏಣಿ ಒರಗಿಸಿ ದಶಕಗಳ ಕಾಲ ಮೆಣಸು ಕೊಯ್ದಿದ್ದ ಸೋಮವಾರಪೇಟೆ ಕಡೆಯ ಹಿರಿಯರೊಬ್ಬರು, "ನಾರ್ಮಲ್ ಎಂದು ಬರೆದಿದ್ದಾರಲ್ಲ ಡಾಕ್ಟರೇ, ಮತ್ತೇಕೆ?" ಎಂದು ಕೇಳಿದ್ದರು.

ಕೀಲಿನ ಸವೆತ ಮೊದಲು ತಟ್ಟುವುದು ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿಗೆ, ಅದೋ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅದೆಷ್ಟು ಉಳಿದಿದೆ ಎಂಬುದನ್ನು ತೋಳಿನ ಮೂಳೆಯ ತಲೆಗೂ ಅದು ಕೂರುವ ಬಟ್ಟಲಿಗೂ ನಡುವಿನ ಸಂದಿನಿಂದಲೇ ಅಂದಾಜಿಸಬೇಕು. ಹೆಗಲೆಲುಬು ಬೆನ್ನಿಗೆ ಚಪ್ಪಟೆಯಾಗಿ ಅಂಟಿಕೊಂಡಿಲ್ಲ. ಪಕ್ಕೆಲುಬುಗಳ ದುಂಡನ್ನು ಅನುಸರಿಸಿ ಸುಮಾರು 30ರಿಂದ 40 ಡಿಗ್ರಿ ಮುಂದಕ್ಕೆ ಓರೆಯಾಗಿರುವುದರಿಂದ, ನೇರ ನಿಂತು ತೆಗೆಸಿದ ಚಿತ್ರದಲ್ಲಿ ಮೂಳೆಯ ತಲೆಯ ನೆರಳು ಬಟ್ಟಲಿನ ಅಂಚಿನ ಮೇಲೆಯೇ ಬಿದ್ದು ಸಂದು ಮುಚ್ಚಿಹೋಗುತ್ತದೆ. ಎರಡು ಹಲಗೆಗಳ ನಡುವಿನ ಸಂದಿನಲ್ಲಿ ಆಚೆಯ ಬೆಳಕು ಕಾಣಬೇಕಾದರೆ ಕಣ್ಣು ಸಂದಿನ ನೇರಕ್ಕೇ ಇರಬೇಕಲ್ಲವೇ? ಹಾಗೆಯೇ, ನೋವಿರುವ ಹೆಗಲೆಲುಬು ಎಕ್ಸ್‌ರೇ ಫಲಕಕ್ಕೆ ಸಮನಾಗಿ ಒರಗುವಂತೆ ಮೈಯನ್ನು 35ರಿಂದ 45 ಡಿಗ್ರಿ ತಿರುಗಿಸಿ ನಿಂತರೆ ಮಾತ್ರ ಸಂದು ಬಿಡಿಸಿ ಕಾಣುತ್ತದೆ. ಬಟ್ಟಲಿನ ಹಿಂಭಾಗದ ಸವೆತಕ್ಕೆ ಕಂಕುಳ ಕಡೆಯಿಂದ ತೆಗೆದ ಚಿತ್ರವೂ ಬೇಕಾಗಬಹುದು. ಬಹಳ ಮುಂದುವರಿದ ಸವೆತ ನೇರ ಚಿತ್ರದಲ್ಲೂ ತಿಳಿಯುತ್ತದೆ, ಕೈತಪ್ಪುವುದು ಆರಂಭದ್ದು.

ಆ ಹಿರಿಯರ ಓರೆ ಚಿತ್ರದಲ್ಲಿ ಸಂದು ಸ್ಪಷ್ಟವಾಗಿ ಕಿರಿದಾಗಿತ್ತು, ಮೂಳೆಯ ತಲೆಯ ಕೆಳ ಅಂಚಿನಲ್ಲಿ 2 ಮಿ.ಮೀ.ನಷ್ಟು ಮೂಳೆಯ ಮುಳ್ಳು ಬೆಳೆದಿತ್ತು, 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಸೌಮ್ಯ ಹಂತವೆನ್ನುತ್ತೇವೆ. ಅವರ ತೋಳು ಹೊರಕ್ಕೆ ತಿರುಗುತ್ತಿರಲಿಲ್ಲ. ಭುಜ ಬಿಗಿದು ಸೆಟೆದುಕೊಳ್ಳುವ, ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುವ ಫ್ರೋಜನ್ ಶೋಲ್ಡರ್‌ನಲ್ಲಿಯೂ ಹೀಗೆಯೇ ಆಗುತ್ತದೆ, ಆದರೆ ಅಲ್ಲಿ ಸಂದು ಸಾಮಾನ್ಯವಾಗಿ ಸರಿಯಾಗಿರುತ್ತದೆ. ಇವೆರಡನ್ನೂ ಬೇರ್ಪಡಿಸಲು ನನಗೆ ಈ ಚಿತ್ರ ಬೇಕಿತ್ತು.

ವಿಕಿರಣಕ್ಕೆ ಅಂಜುವವರಿಗೂ ಒಂದು ಮಾತು: ಒಂದು ಭುಜದ ಎಕ್ಸ್‌ರೇಯಲ್ಲಿ ಸಿಗುವುದು ನಿಸರ್ಗದಿಂದಲೇ ಒಂದೆರಡು ದಿನಗಳಲ್ಲಿ ನಮ್ಮ ಮೈಗೆ ಬರುವಷ್ಟು. ಆದರೂ ಗರ್ಭಿಣಿಯರು ಮೊದಲೇ ತಿಳಿಸಬೇಕು.

ಚಿತ್ರದಲ್ಲಿ ಕಂಡ ಸವೆತದಷ್ಟೇ ನೋವಿರಬೇಕೆಂದಿಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದಿದ್ದರೆ ಅದು ಎಕ್ಸ್‌ರೇಗೆ ನೇರವಾಗಿ ಸಿಗುವುದೂ ಇಲ್ಲ. ಆದ್ದರಿಂದ ಕೈ ಹಿಡಿದು ಪರೀಕ್ಷಿಸದೆ ನಾನು ತೀರ್ಪು ಕೊಡುವುದಿಲ್ಲ. ಆ ಹಿರಿಯರಿಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ವ್ಯಾಯಾಮ ಮಾಡುತ್ತಿದ್ದಾರೆ, ಏಣಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ.